ದಿನಕ್ಕೆ ನಾಲ್ಕು ತೀರ್ಮಾನ

ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ನೀಲಗಂಗವ್ವ ಲಿಂಗೈಕ್ಯಳಾದ ಸುದ್ದಿ ಆಸ್ಪತ್ರೆಯಿಂದ ಬಂತು. ಅದರ ಹಿಂದಿನ ಗುರುವಾರದ ಸಂಗತಿಯನ್ನು ಹೇಳಬೇಕು.

ಆರೋಗ್ಯವಂತರಿಗೆ ದಿನಕ್ಕೆ ನಲವತ್ತು ತೀರ್ಮಾನ, ಕ್ಯಾನ್ಸರ್ ಆದವರಿಗೆ ನಾಲ್ಕು. ಅವು ಮುಗಿದರೆ ಮರುದಿನ ಸೂರ್ಯ ಹುಟ್ಟುವವರೆಗೆ ಹೌದು, ಇಲ್ಲ ಎನ್ನಲೂ ಬಾಯಿ ಬರುವುದಿಲ್ಲ. ಆ ಸಂಜೆ ಆಸ್ಪತ್ರೆಯ ಅವಳ ಕೋಣೆಗೆ ಡಾಕ್ಟರು ಬರುವವರಿದ್ದರು. ಇನ್ನೊಂದು ಸುತ್ತು ಕಿಮೋ ಬೇಕೋ, ಮನೆಗೆ ಹೋಗುವುದೋ ಎಂದು ಅವಳು ಹೇಳಬೇಕಿತ್ತು.

ನಮ್ಮ ಮನೆಯಲ್ಲಿ ಹಿರಿಯಳನ್ನು ಕೇಳದೆ ಒಲೆಯನ್ನೂ ಹಚ್ಚುವುದಿಲ್ಲ. ಬೆಳಿಗ್ಗೆಯೇ ಸೊಸೆಯ ಫೋನು ಬಂತು.

"ಅತ್ತೀ, ಝುಣಕ ಮಾಡ್ಲ್ಯೋ, ಬ್ಯಾಳಿ ಮಾಡ್ಲ್ಯೋ?"

"ಝುಣಕ."

ಮಗ ಬಂದು, "ಯವ್ವಾ, ಕಿಟಕಿ ತೆಗೀಲೇನು?" ಎಂದ.

"ತೆಗಿ."

ನನ್ನ ತಂಗಿ ಎರಡು ಸೀರೆ ಹಿಡಿದು ನಿಂತಳು. "ವೈನಿ, ಹಸರು ಉಡ್ತೀರೋ, ಕೆಂಪೋ? ಡಾಕ್ಟರು ಭಾಳ ಚಂದ ಅದಾರ ಮತ್ತ!"

"ಹಸರು," ಎಂದು ನೀಲಗಂಗವ್ವ ನಕ್ಕಳು.

ಒಂದೇ ಉಳಿಯಿತು. ಅದನ್ನು ಕಾಯಲೆಂದು ಎಲ್ಲರನ್ನೂ ಹೊರಗೆ ಕಳಿಸಿ ನಾನೇ ಬಾಗಿಲು ಹಾಕಿಕೊಂಡು ಕುಳಿತೆ. ಸಂಜೆ ಅವಳು ನರಳಿದಳು.

"ಮಗ್ಗಲಾ ಬದಲಿಸ್ಲೇನು?" ಎಂದು ಕೇಳಿಬಿಟ್ಟೆ.

"ಹೂಂ."

ಡಾಕ್ಟರು ಬಂದು ಕೇಳಿದಾಗ ಅವಳು ನನ್ನ ಮುಖ ನೋಡಿದಳು, ಅಷ್ಟೇ. ಔಷಧ ಕೊಡುವುದಾದರೆ ಅಂದೇ ಏರಿಸಬೇಕಿತ್ತು, ಮರುದಿನಕ್ಕೆ ಕಾಯುವಂತಿರಲಿಲ್ಲ. ನನ್ನ ಬಳಿ ಇಪ್ಪತ್ತಾರು ತೀರ್ಮಾನ ಉಳಿದಿದ್ದವು. "ಕಿಮೋ ಕೊಡ್ರಿ" ಎಂದೆ.

ಅವಳಿಗೆ ಏನು ಬೇಕಿತ್ತೋ ನನಗೆ ಗೊತ್ತಿಲ್ಲ.

ಶಿವನೇ, ಆ ಜೀವಕ್ಕೆ ಶಾಂತಿ ಕೊಡು. ಏನು ಬೇಕೆಂದು ಅವಳನ್ನು ಕೇಳಬೇಡ, ಸುಮ್ಮನೆ ಕೊಡು.