ಕೆಂಪಿ ಕಳುವಾದ ಮಾರನೆಯ ದಿನ

ನೆನೆಸಿದ ಹಿಂಡಿಯ ವಾಸನೆ ಬಂದರೆ ಈಗಲೂ ಸಾತನೂರಿನ ಬಳಿಯ ನಮ್ಮೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಹಿಂದಿನ ರಾತ್ರಿ ನಮ್ಮ ಹಸು ಕೆಂಪಿಯನ್ನು ಯಾರೋ ಕೊಟ್ಟಿಗೆಯಿಂದ ಕದ್ದೊಯ್ದಿದ್ದರು; ಅವಳಿಗೆಂದು ನೆನೆಸಿಟ್ಟ ಹಿಂಡಿ ಹಾಗೇ ಉಳಿದಿತ್ತು. ಅಜ್ಜಿ ನನ್ನ ಕೈ ಹಿಡಿದು ಪೊಲೀಸ್ ಸ್ಟೇಷನ್ನಿಗೆ ಹೋದಳು.

"ಹಸುಗೆ ಗುರುತು ಏನೈತಜ್ಜಿ?" ಎಂದು ಪೊಲೀಸಿನವರು ಕೇಳಿದರು.

"ಕೆಂಪೀ ಅಂದ್ರೆ ತಿರುಗಿ ನೋಡ್ತಾಳೆ ಸ್ವಾಮಿ. ಕರು ಇನ್ನೂ ಎಳೇದು, ಒಸಿ ಬೇಗ ಹುಡುಕ್ಕೊಡಿ."

ಅವರು ಬರೆಯುವುದನ್ನು ನಿಲ್ಲಿಸಿದರು. "ರಾತ್ರಿನೇ ಗಾಡಿಗೆ ತುಂಬ್ಕೊಂಡು ಹೋಗ್ಬುಟ್ಟಿರ್ತಾರೆ ಕಣಜ್ಜಿ. ನೋಡ್ತೀವಿ," ಎಂದರು, ಅಜ್ಜಿಯ ಮುಖ ನೋಡದೆ.

ದಿನವೂ ಡೈರಿಗೆ ಹಾಲು ಹಾಕುತ್ತಿದ್ದ ಅಜ್ಜಿ ಅಂದು ಸಂಜೆ ಅಲ್ಲಿಂದಲೇ ಹಾಲು ಕೇಳಿ ತಂದಳು. ಬೆರಳನ್ನು ಹಾಲಿಗೆ ಅದ್ದಿ ಕರುವಿನ ಬಾಯಿಗಿಟ್ಟಳು. ಅದು ಮುಖ ತಿರುಗಿಸಿ, ಬಾಗಿಲ ಕಡೆ ನೋಡುತ್ತಾ ಕೂಗಿತು.

"ಕುಡಿಯವ್ವಾ, ನಿಮ್ಮವ್ವ ಬತ್ತಾಳೆ," ಎಂದಳು ಅಜ್ಜಿ.

ನಾನೂ ನಂಬಿದೆ.