ಭೀಮರಾಯನ ರಿಫಂಡು

ಅತ್ತರಿನ ವಾಸನೆ ಮೂಗಿಗೆ ಬಡಿದ ಕೂಡಲೇ ಸುಂದ್ರವ್ವ ತೀರ್ಮಾನಿಸಿಬಿಟ್ಟಳು: ಇವತ್ತು ಗಂಡನ ಬೆನ್ನು ಬಿಡುವುದಿಲ್ಲ.

ಅರವತ್ತೆಂಟರ ಜೂನ್. ಕುರ್ಲಾದ ಆ ಚಾಳಿನಲ್ಲಿ ಸೋಮವಾರ ಬೆಳಿಗ್ಗೆ ಅತ್ತರು ಹಚ್ಚಿಕೊಂಡು ಕಾರ್ಖಾನೆಗೆ ಹೋಗುವ ಗಂಡಸು ಇನ್ನೊಬ್ಬನಿರಲಿಲ್ಲ. ಭೀಮರಾಯ ಸೂಪರ್‌ವೈಜರ್. ವರ್ಷವಿಡೀ ಮೈಯೆಲ್ಲ ಗ್ರೀಸು. ಜೂನ್ ಕೊನೆಯಲ್ಲಿ ಒಂದೇ ಒಂದು ದಿನ ಮಾತ್ರ ಮದುಮಗ: ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಿರುಗುವ ಬೂಟು.

“ಎಲ್ಲಿಗಿ ಹೊಂಟೀರಿ, ಹಿಂಗ ಘಮಘಮ ಅಂತ?”

“ಡ್ಯೂಟಿಗಿ. ಮತ್ತೆಲ್ಲಿಗಿ ಹೋಗ್ಲಿ?”

“ಮಷಿನ್ನು ಮೂಸಿ ನೋಡ್ತಾವೇನ್ರಿ?”

ಭೀಮರಾಯ ಛತ್ರಿ ಎತ್ತಿಕೊಂಡು ಹೊರಬಿದ್ದ. ಪಕ್ಕದ ಖೋಲಿಯ ಕಾಶವ್ವ ಬಾಗಿಲಲ್ಲೇ ನಿಂತಿದ್ದಳು. “ನಾ ಅಂದಿದ್ದಿಲ್ಲೇನು? ಯಾವಕಿನೋ ಅದಾಳ. ಓಡು, ಹಿಡಿ!”

ಸುಂದ್ರವ್ವ ಓಡಿದಳು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನೇತಾಡಿ, ದಾದರಿನಲ್ಲಿ ಗಾಡಿ ಬದಲಿಸಿ, ಚರ್ಚ್‌ಗೇಟಿನಲ್ಲಿ ಇಳಿದಳು. ದಾರಿಯುದ್ದಕ್ಕೂ ಬೈಗುಳ ಆರಿಸುತ್ತಲೇ ಇದ್ದಳು. ಅವನಿಗೆ ಯಾವುದು, ಅವಳಿಗೆ ಯಾವುದು ಎಂದು ಹಂಚಿಯೂ ಆಗಿತ್ತು.

ಭೀಮರಾಯ ಒಂದು ದೊಡ್ಡ ಕಟ್ಟಡದ ಮೆಟ್ಟಿಲು ಹತ್ತಿ ಒಳಗೆ ಮಾಯವಾದ.

“ಅವ್ವಾ, ಎಷ್ಟ್ ದೊಡ್ಡ ಮನಿಯಾಕಿನ್ನ ಹಿಡದಾನ ಭಾಡ್ಯಾ!” ಎಂದು ಅವಳು ಬಾಯಿಬಿಟ್ಟೇ ಹೇಳಿದಳು.

ಫುಟ್‌ಪಾತಿನಲ್ಲಿ ತಾಡಪತ್ರಿಯ ಕೆಳಗೆ ಟೈಪ್‌ರೈಟರ್ ಕುಟ್ಟುತ್ತಿದ್ದವನು ತಲೆಯೆತ್ತಿದ. ಹೆಸರು ಚೆನ್ನಯ, ಉಡುಪಿ ಕಡೆಯವನು. ಕನ್ನಡ ಕಿವಿಗೆ ಬಿದ್ದದ್ದೇ ಮುಖ ಅರಳಿತು.

“ಮನೆಯಾ? ಇದು ಇನ್‌ಕಮ್ ಟ್ಯಾಕ್ಸ್ ಆಫೀಸು ಅಮ್ಮ. ಇಲ್ಲಿಗೆ ಯಾರೂ ಪ್ರೀತಿಯಿಂದ ಬರುವುದಿಲ್ಲ.”

“ಮತ್ತ ಆ ಬಿಳಿ ಅಂಗಿಯವ್ರು?”

“ಭೀಮರಾಯರಾ? ಅವರೊಬ್ಬರು ಬಿಟ್ಟು! ನಮ್ಮ ಗಿರಾಕಿ. ಫಾರಂ ಟೈಪ್ ಮಾಡಿಕೊಡುವುದು ನಾನೇ. ಪ್ರತಿ ವರ್ಷ ವಾಯಿದೆಯೊಳಗೇ ರಿಟರ್ನ್ ಹಾಕುತ್ತಾರೆ. ತಡ ಮಾಡಿದವರು ಬಡ್ಡಿ, ದಂಡ ಅಂತ ತಲೆ ಚಚ್ಚಿಕೊಳ್ಳುತ್ತಾರೆ. ಇವರಿಗೋ, ಸಂಬಳದಲ್ಲಿ ಹೆಚ್ಚು ಹಿಡಿದದ್ದನ್ನು ಸರಕಾರವೇ ಕರೆದು ವಾಪಸ್ ಕೊಡುತ್ತದೆ. ರಿಫಂಡು! ಸಾಹೇಬರ ಎದುರು ಗ್ರೀಸು ನಾರಬಾರದು ಅಂತ ಅತ್ತರು ಬೇರೆ.”

ಸುಂದ್ರವ್ವ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. ನಗು ಬಂತು, ಅದರ ಹಿಂದೆಯೇ ಅಳು ಬಂತು. ದಸರೆಗೆ ಬರುತ್ತಿದ್ದ ಇಳಕಲ್ ಸೀರೆ ಬೋನಸ್ಸಿನದ್ದಲ್ಲ, ಈ ರಿಫಂಡಿನದ್ದು! ದೇವರಂಥ ಗಂಡ. ತಾನು ಆರಿಸಿಟ್ಟಿದ್ದ ಬೈಗುಳ ನೆನೆದು ನಾಲಿಗೆ ಕಚ್ಚಿಕೊಂಡಳು. ಸಂಜೆ ಹೋಳಿಗೆ ಮಾಡಬೇಕು. ಕಾಶವ್ವನಿಗೆ ಒಂದು ಚೂರೂ ಕೊಡಬಾರದು.

“ನಾ ಅವ್ರ ಹೇಂತಿರಿ,” ಎಂದಳು, ಸೆರಗು ಸರಿಪಡಿಸಿಕೊಳ್ಳುತ್ತ. ಎಂಟು ವರ್ಷದ ಸಂಸಾರದಲ್ಲಿ ಆ ಮಾತನ್ನು ಇಷ್ಟು ಜಂಬದಿಂದ ಹೇಳಿದ್ದು ಇದೇ ಮೊದಲು.

“ನೀವಾ! ಮೊದಲೇ ಹೇಳಬಾರದಾ?” ಚೆನ್ನಯ ಕೂಗಿ ಚಹಾ ತರಿಸಿದ. ಅವಳ ಕೈಗೆ ಗ್ಲಾಸು ಕೊಟ್ಟು, ಸ್ವಂತ ಅಕ್ಕ ಸಿಕ್ಕಿದಷ್ಟು ಸಲಿಗೆಯಿಂದ ಹೇಳತೊಡಗಿದ.

“ಅವರಿಗೆ ರಿಫಂಡು ಅಷ್ಟು ಬರುವುದು ಯಾಕೆ ಗೊತ್ತುಂಟಾ? ಸಂಸಾರಸ್ಥರಿಗೆ ತೆರಿಗೆ ಸ್ವಲ್ಪ ಕಡಿಮೆ, ಮಕ್ಕಳಿದ್ದರೆ ಇನ್ನೂ ಕಡಿಮೆ. ಹೋದ ವರ್ಷ ನಿಮ್ಮ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. ಎಂಥ ಲೂಟಿ ಮಾರಾಯ್ರೇ! ಟೈಪ್‌ರೈಟರಿನ ರಿಬ್ಬನ್ನೇ ಎಳೆದು ಹಾಕಿದವು. ಇಬ್ಬರದ್ದೂ ಥೇಟ್ ಅಪ್ಪನ ಮೂಗು.”

ಸುಂದ್ರವ್ವನಿಗೆ ಮಕ್ಕಳಾಗಿರಲಿಲ್ಲ.