ಮೊದಲ ವರ್ಷದ ದರ

ಖುಲ್ತಾಬಾದ್‌ನ ದತ್ತು ತನ್ನ ಲಾಡ್ಜಿನ ವೆಬ್‌ಸೈಟಿನ ಹೆಸರನ್ನು ಬೇರೊಬ್ಬ ಮಾರಾಟಗಾರನ ಕಡೆಗೆ ಒಯ್ಯುತ್ತಿದ್ದಾನೆ ಎಂಬ ಮೇಲ್ ಬೆಳಗಿನ ಚಹಾದ ಹೊತ್ತಿಗೆ ಬಂತು. ಒಪ್ಪಿಗೆಯಿದ್ದರೆ ಹಸಿರು ಗುಂಡಿ, ಇಲ್ಲದಿದ್ದರೆ ಕೆಂಪು. ಓಝರ್‌ನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಇಂಥ ಹೆಸರುಗಳನ್ನು ಮಾರುವ ಗುರುರಾಜ, ಅದು ಯಾರ ಕಡೆ ಹೊರಟಿದೆ ಎಂದು ನೋಡಿ ಲೋಟ ಕೆಳಗಿಟ್ಟ. ಸಂಭಾಜಿನಗರದ ಸಮೀರ. ಹೆಂಡತಿಯ ತಮ್ಮ. ಅವನು ಈ ವ್ಯಾಪಾರ ಕಲಿತದ್ದು ಇದೇ ಕೋಣೆಯಲ್ಲಿ.

ಗಿರಾಕಿಗಳು ಮೇಲ್ ನೋಡುವುದಿಲ್ಲ, ನವೀಕರಣದ ತಾರೀಖು ಮರೆಯುತ್ತಾರೆ ಎಂದು ಗುರುರಾಜ ಎಲ್ಲ ಹೆಸರುಗಳಿಗೂ ತನ್ನ ಮೇಲ್ ವಿಳಾಸವನ್ನೇ ಕೊಟ್ಟಿದ್ದ. ಅನುಕೂಲಕ್ಕೆಂದು ಮಾಡಿದ್ದು. ಈಗ ದತ್ತುವಿನ ಹೆಸರು ಹೋಗಬೇಕೋ ಬೇಡವೋ ಎಂಬುದನ್ನು ದತ್ತುವನ್ನು ಬಿಟ್ಟು ಇವನನ್ನು ಕೇಳುತ್ತಿದ್ದರು.

"ಕೆಂಪದು ಒತ್ತರಿ," ಹಿಂದೆ ನಿಂತಿದ್ದ ಮಂದಾಕಿನಿ ಅಂದಳು. "ನನ್ನ ತಮ್ಮ ಆದ್ರ ಏನಾತು? ಆ ಊರಿನ ಅಂಗಡಿಯವ್ರೆಲ್ಲಾ ದತ್ತೂನ ಹಿಂದ ಹೋಗ್ತಾರ. ಆಮ್ಯಾಲೆ ನಾವಿಬ್ಬರೂ ಇಲ್ಲೇ ಕೂತು ಒಬ್ಬರ ಮಾರಿ ಒಬ್ಬರು ನೋಡೂದು."

"ಹೆಸರು ದತ್ತೂಂದು."

"ಇಷ್ಟು ದಿನ ಅದನ್ನ ಕಾದವ್ರು ನೀವು."

ಎರಡು ದೀಪಾವಳಿಗಳಿಂದ ಹೀಗೇ ನಡೆದಿತ್ತು. ಗುರುರಾಜ ದರ ಇಳಿಸಿದರೆ ಸಮೀರ ಇನ್ನಷ್ಟು ಇಳಿಸುತ್ತಿದ್ದ. ಅದನ್ನು ಕಂಡು ಇವನು ಮತ್ತಷ್ಟು. ಹಬ್ಬಕ್ಕೆ ಕೂಡಿದಾಗ ಇಬ್ಬರೂ ಪಕ್ಕಪಕ್ಕದಲ್ಲೇ ಉಂಡಿದ್ದರು. ಮಳೆ, ಈರುಳ್ಳಿ, ಮುಂಬಯಿಯ ರಸ್ತೆ ಎಲ್ಲ ಮಾತಾಡಿದ್ದರು. ಈ ಒಂದು ವಿಷಯ ಮಾತ್ರ ಎಲೆಯ ಮೂಲೆಯ ಉಪ್ಪಿನಂತೆ ಮುಟ್ಟದೆ ಉಳಿದಿತ್ತು.

ಫೋನ್ ಬಂತು. ಸಮೀರನೇ.

"ದಾಜಿ, ಮೇಲ್ ಬಂತಾ?" ಅಕ್ಕನ ಗಂಡನನ್ನು ಅವನು ಕರೆಯುವುದು ಮರಾಠಿಯಲ್ಲೇ.

"ಬಂತು."

"ರಿಜೆಕ್ಟ್ ಮಾಡ್ರಿ."

ಗುರುರಾಜ ಮಂದಾಕಿನಿಯ ಕಡೆ ನೋಡಿ ಸ್ಪೀಕರ್ ಹಾಕಿದ.

"ನಾ ಹೇಳೋ ರೇಟಿನಾಗ ಒಂದೊಂದು ಹೆಸರಿಗೂ ಕೈಯಿಂದ ರೊಕ್ಕ ಹೋಗ್ತದರಿ. ಮೊದಲನೇ ವರ್ಷ ಸಸ್ತಾ ಕೊಟ್ಟು ಎರಡನೇ ವರ್ಷ ಏರಿಸಿದರಾತು ಅಂತ ಮಾಡಿದ್ದೆ. ಎರಡನೇ ವರ್ಷಕ್ಕ ಎಲ್ಲಾರೂ ಮತ್ತೊಬ್ಬನ ಕಡೆ ಓಡ್ಯಾರ. ಜಾಹೀರಾತು ಹಾಕೀನಿ, ದತ್ತೂಗ ಆಗೂದಿಲ್ಲ ಅನ್ನಾಕ ಬರೂದಿಲ್ಲ. ನೀವೇ ಬಿಡಲಿಲ್ಲ ಅಂತ ಆದ್ರ..."

"ಬೈಗಳ ನಿನ್ನ ದಾಜಿಗ, ಉಳಿತಾಯ ನಿನಗ," ಮಂದಾಕಿನಿ ನಡುವೆ ಬಾಯಿ ಹಾಕಿದಳು. "ಭಾಳ ಶಾಣ್ಯಾ ಇದ್ದೀ."

"ಅಕ್ಕಾ, ನೀನೂ ಕೇಳಾಕತ್ತೀಯೇನು?" ಅವನ ದನಿ ಕುಸಿಯಿತು. "ಬ್ಯಾರೆ ಯಾರಿಗೆ ಹೇಳ್ಲಿ ಮತ್ತ?"

ಈಗ ಅಕ್ಕ ತಮ್ಮ ಇಬ್ಬರಿಗೂ ಬೇಕಾದ್ದು ಕೆಂಪು ಗುಂಡಿಯೇ. ಗುರುರಾಜ ಹಸಿರನ್ನು ಒತ್ತಿದ.

"ನಾ ತಡದರ, ಹೆಸರು ಹಿಡಕೊಂಡು ಕೂತಾರ ಅಂತ ದತ್ತು ಊರ ತುಂಬ ಹೇಳ್ತಾನ. ಅದು ಸುಳ್ಳೂ ಆಗೂದಿಲ್ಲ," ಅಂದ. "ಅದು ಹೋಗಲಿ, ಸಮೀರ. ನಾಳಿಂದ ಇಬ್ಬರೂ ಒಂದೇ ರೇಟು ಹೇಳೂಣು. ಇಬ್ಬರ ಕೈನೂ ಸುಡದಂಥಾದ್ದು."

"ಹೇಳೂಣ್ರಿ ದಾಜಿ." ಸಮೀರ ಹಗುರಾಗಿ ನಕ್ಕ. "ಎಷ್ಟೋ ಸಲ ಕೇಳಬೇಕು ಅಂದೆ. ಬಾಯಿ ಬರಲಿಲ್ಲ."

"ಎಷ್ಟು ಇಡೂಣು?"

ಅತ್ತ ಕಡೆ ಬಸ್ಸೊಂದು ಹಾದುಹೋದ ಸದ್ದು ಕೇಳಿತು. ಮಂದಾಕಿನಿ ಫೋನಿನ ಹತ್ತಿರ ಬಾಗಿದಳು. ಗುರುರಾಜನ ಕೈ ಆಗಲೇ ಸಮೀರನ ಇವತ್ತಿನ ದರದ ಪುಟವನ್ನು ತೆರೆದಿತ್ತು.

"ನೀವೇ ಮೊದಲು ಹೇಳ್ರಿ, ದಾಜಿ."